ಎಂಟು ಮೊಟ್ಟೆ, ಆರು ಮರಿ, ಒಂದು ಸುಳ್ಳು

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಓಹಾಯೋ ರಾಜ್ಯದ ಕೊಲಂಬಸ್ ಅವರ ಊರು. ಹೋದ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಚಟ್ನಿಗೆಂದು ಕಾಯಿತುರಿ ಹುಡುಕಿದೆ. ಅಡುಗೆಮನೆಯಲ್ಲಿ ಸಿಗಲಿಲ್ಲ. ನೆಲಮಾಳಿಗೆಗೆ ಇಳಿದರೆ ಅಲ್ಲೊಂದು ಪುಟ್ಟ ಫ್ರೀಜರ್ ಇತ್ತು. ಬಾಗಿಲು ತೆಗೆದು ಮೇಲಿದ್ದ ಚೀಲ ಎತ್ತಿಕೊಂಡೆ. ಒಳಗೆ ಸಾಲಾಗಿ ಮಲಗಿದ್ದವು, ಹೆಪ್ಪುಗಟ್ಟಿದ ಬಿಳಿ ಇಲಿಗಳು!

ನನ್ನ ಕೂಗಿಗೆ ಮೊದಲು ಓಡಿಬಂದವಳು ಮೊಮ್ಮಗಳು. ಅವಳಿಗೆ 14 ವರ್ಷ.

"ಹೆದರ್ಬೇಡ ಅಜ್ಜಿ, ಅದು ಕಾಫಿಗೆ" ಅಂದಳು.

"ಕಾಫಿಗೆ ಇಲಿ ಹಾಕ್ತೀರೇನೇ ಇಲ್ಲಿ?" ಎಂದು ಇನ್ನೂ ಜೋರಾಗಿ ಕೂಗಿದೆ.

ಅವಳು ಬಿದ್ದು ಬಿದ್ದು ನಕ್ಕು ನನ್ನ ಕೈಹಿಡಿದು ಮೂಲೆಗೆ ಕರೆದುಕೊಂಡು ಹೋದಳು. ಅಲ್ಲಿ ಎರಡು ಗಾಜಿನ ಗೂಡುಗಳಿದ್ದವು. ಒಂದರಲ್ಲಿ ಕಾಫಿಬಣ್ಣದ ಮೈಗೆ ಕೆನೆಬಣ್ಣದ ಪಟ್ಟೆಗಳಿದ್ದ ಹಾವು. ಅದೇ ಕಾಫಿ. ಇನ್ನೊಂದು ಕಪ್ಪು ಮೈ, ಬಿಳಿ ಪಟ್ಟೆ. ಅದರ ಹೆಸರು ಡೊಮಿನೊ. ಡೊಮಿನೊವನ್ನು ನೋಡಿದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಕೊಪ್ಪದ ಕಡೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಕಪ್ಪು ಮೈಮೇಲೆ ಬಿಳಿ ಪಟ್ಟೆ ಎಂದರೆ ಕಟ್ಟುಹಾವು. ಅದು ಕಚ್ಚಿದರೆ ನೋವೇ ಗೊತ್ತಾಗದೆ ಮಲಗಿದಲ್ಲೇ ಪ್ರಾಣ ಹೋಗಬಹುದು.

"ಇದಕ್ಕೆ ವಿಷ ಇಲ್ಲ ಅಜ್ಜಿ. ಇದು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ಈ ವರ್ಷ ಇವೆರಡರದ್ದೂ ಮರಿ ಮಾಡಿಸ್ತೀನಿ. ನೀನು ಆರು ತಿಂಗಳು ಇರ್ತೀಯಲ್ಲ, ಅಷ್ಟರಲ್ಲಿ ಎಲ್ಲ ಮುಗಿಯುತ್ತೆ."

ನನ್ನ ಆರು ತಿಂಗಳ ವೀಸಾ ಹಾವಿನ ಬಾಣಂತನಕ್ಕೆ ಸರಿಹೊಂದಿತ್ತು!

ಹಾವನ್ನೇ ತಿನ್ನುವ ಹಾವು

ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮ ಯಜಮಾನರು, "ಹಾವು ನೋಡೋಕೆ ಅಮೆರಿಕಕ್ಕೇ ಹೋಗಬೇಕಿತ್ತಾ? ನಮ್ಮ ಕೊಟ್ಟಿಗೆ ಅಟ್ಟದಲ್ಲೇ ಇತ್ತಲ್ಲ" ಎಂದು ನಕ್ಕರು. ಆದರೆ ನನಗೆ ಕುತೂಹಲ ಹತ್ತಿಕೊಂಡಿತ್ತು. ಮೊಮ್ಮಗಳು ದಿನಕ್ಕೊಂದು ವಿಷಯ ಹೇಳುತ್ತಿದ್ದಳು.

ಈ ಹಾವಿನ ಸೀಮೆ ಅಮೆರಿಕದ ಪಶ್ಚಿಮ ಭಾಗ ಮತ್ತು ಪಕ್ಕದ ಮೆಕ್ಸಿಕೋದ ಬಾಹಾ ಪ್ರದೇಶ. ಬೆಳೆದ ಹಾವು ಮೂರರಿಂದ ನಾಲ್ಕು ಅಡಿ ಉದ್ದ ಇರುತ್ತದೆ. ಬೇಟೆಯನ್ನು ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಇಲಿ, ಓತಿ, ಹಕ್ಕಿಮೊಟ್ಟೆಗಳ ಜೊತೆಗೆ ಬೇರೆ ಹಾವುಗಳನ್ನೂ ತಿನ್ನುತ್ತದೆ. ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ರ‍್ಯಾಟಲ್ ಹಾವನ್ನೂ ಬಿಡುವುದಿಲ್ಲ. ಅದರ ವಿಷವನ್ನು ತಡೆದುಕೊಳ್ಳುವ ಶಕ್ತಿ ಇದರ ರಕ್ತದಲ್ಲಿದೆ. ಹಾವುಗಳನ್ನೇ ತಿನ್ನುವುದರಿಂದ ‘ಕಿಂಗ್’ ಎಂಬ ಹೆಸರು. ನಮ್ಮ ಆಗುಂಬೆ ಕಾಡಿನ ಕಾಳಿಂಗ ಸರ್ಪಕ್ಕೂ ಹಾವೇ ಆಹಾರ. ಅದನ್ನು ಇಂಗ್ಲಿಷಿನಲ್ಲಿ ‘ಕಿಂಗ್ ಕೋಬ್ರಾ’ ಎನ್ನುವುದನ್ನು ನೀವು ಕೇಳಿರುತ್ತೀರಿ. ಎರಡಕ್ಕೂ ರಕ್ತಸಂಬಂಧವಿಲ್ಲ, ಬಿರುದು ಮಾತ್ರ ಒಂದೇ.

ಇನ್ನೊಂದು ಸಂಗತಿ ಕೇಳಿ ನನಗೆ ನಗು ಬಂತು. ಕಿಂಗ್‌ಸ್ನೇಕಿನ ಹತ್ತಿರದ ಬಂಧುವೊಂದಕ್ಕೆ ಅಮೆರಿಕದಲ್ಲಿ ‘ಹಾಲುಹಾವು’ ಎನ್ನುತ್ತಾರೆ. ಅದು ಕೊಟ್ಟಿಗೆಗೆ ಬಂದು ಹಸುವಿನ ಹಾಲು ಕುಡಿಯುತ್ತದೆ ಎಂದು ಅಲ್ಲಿನ ಹಿಂದಿನ ಕಾಲದ ರೈತರು ನಂಬಿದ್ದರಂತೆ. ನಮ್ಮಲ್ಲಿ ಕೇರೆಹಾವಿನ ಮೇಲೆ ಇದೇ ಆರೋಪ ಇಲ್ಲವೇ? ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂದು ನನ್ನ ಅತ್ತೆಯವರು ಹೇಳುತ್ತಿದ್ದರು. ಎರಡೂ ಹಾವುಗಳು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಯಾವ ಹಾವೂ ಹಾಲಿಗಾಗಿ ಬರುವುದಿಲ್ಲ.

ಅಮ್ಮನ ಮೂರು ಷರತ್ತು

ಫ್ರೀಜರಿನ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ನನ್ನ ಮಗಳ ಕೈಬರಹ. ಅದರಲ್ಲಿ ಮೂರು ಷರತ್ತುಗಳಿದ್ದವು.

ಒಂದು, ಹಾವು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಹಾವು, ಆಮೆ, ಓತಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಹಾವಿನ ಊಟಕ್ಕೆ ಬೇರೆ ಫ್ರೀಜರ್ ಇಟ್ಟಿದ್ದೂ ಅದಕ್ಕೇ. ಎರಡು, ಖರ್ಚೆಲ್ಲ ಅವಳು ಕೂಡಿಟ್ಟ ದುಡ್ಡಿನಿಂದಲೇ ಆಗಬೇಕು. ಮೂರು, ಹುಟ್ಟುವ ಮರಿಗಳಿಗೆ ಮನೆ ಗೊತ್ತುಮಾಡಿದ ಮೇಲೆಯೇ ಹಾವುಗಳನ್ನು ಜೊತೆ ಬಿಡಬೇಕು.

ಮೂರನೆಯ ಷರತ್ತಿಗೆ ಕಾರಣವಿದೆ. ಸ್ಪೇನ್ ದೇಶಕ್ಕೆ ಸೇರಿದ ಗ್ರಾನ್ ಕನೇರಿಯಾ ಎಂಬ ದ್ವೀಪವಿದೆ. ಅಲ್ಲಿ ಮೂಲತಃ ಹಾವುಗಳೇ ಇರಲಿಲ್ಲ. ಜನ ಸಾಕಲು ತಂದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕುಗಳು ತಪ್ಪಿಸಿಕೊಂಡೋ, ಯಾರೋ ಬಿಟ್ಟೋ 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಬೇರೂರಿದವು. ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲದ ಒಂದು ದೊಡ್ಡ ಓತಿಯ ತವರು ಆ ದ್ವೀಪ. ಹಾವು ಹಬ್ಬಿದ ಕಡೆಯಲ್ಲೆಲ್ಲ ಆ ಓತಿ ಹೆಚ್ಚುಕಡಿಮೆ ಕಾಣೆಯಾಗಿದೆ. ಮೊಮ್ಮಗಳು ಇದನ್ನು ಶಾಲೆಯ ಭಾಷಣಕ್ಕೆಂದು ಓದಿದ್ದಳು. ಮಗಳು ಅದನ್ನೇ ಹಿಡಿದು, "ಹುಟ್ಟಿಸೋದು ಸುಲಭ. ಹುಟ್ಟಿದ್ದಕ್ಕೆಲ್ಲ ಜವಾಬ್ದಾರಿ ಯಾರು?" ಎಂದು ಕೇಳಿದ್ದಳು.

ಹುಡುಗಿ ತಿಂಗಳುಗಟ್ಟಲೆ ಓಡಾಡಿ ಒಪ್ಪಿಗೆ ಪಡೆದಿದ್ದಳು. ಶಾಲೆಯ ಜೀವಶಾಸ್ತ್ರದ ಮೇಷ್ಟ್ರು ತರಗತಿಗೆ ಒಂದು, ಇಬ್ಬರು ಗೆಳತಿಯರು ಒಂದೊಂದು, ಡೊಮಿನೊವನ್ನು ಕೊಟ್ಟಿದ್ದ ಹಿರಿಯರು ಉಳಿದವುಗಳಲ್ಲಿ ಎಷ್ಟಾದರೂ ಸರಿ ಎಂದು ಬರೆದುಕೊಟ್ಟಿದ್ದರು.

ಚಳಿನಿದ್ದೆ ಮುಗಿಸಿ

ನಾನು ಹೋಗುವ ಹೊತ್ತಿಗೆ ಅರ್ಧ ಕೆಲಸ ಮುಗಿದಿತ್ತು. ಈ ಹಾವುಗಳು ಕಾಡಿನಲ್ಲಿ ಚಳಿಗಾಲವಿಡೀ ಬಿಲದಲ್ಲಿ ಸುಮ್ಮನಿದ್ದು ವಸಂತದಲ್ಲಿ ಎದ್ದು ಸಂಗಾತಿ ಹುಡುಕುತ್ತವೆ. ಸಾಕುವವರೂ ಆ ಚಳಿಯನ್ನು ಕೊಡಬೇಕು. ಮೊದಲು ಎರಡು ಮೂರು ವಾರ ಊಟ ನಿಲ್ಲಿಸಬೇಕು. ಹೊಟ್ಟೆಯಲ್ಲಿ ಇಲಿ ಉಳಿದಿದ್ದರೆ ಆ ತಣ್ಣನೆಯ ಮೈಯಲ್ಲಿ ಅರಗದೆ ಕೊಳೆತುಹೋಗುತ್ತದೆ. ಆಮೇಲೆ ಕತ್ತಲೆ ಇರುವ ತಂಪು ಜಾಗದಲ್ಲಿ, 10ರಿಂದ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡು ಮೂರು ತಿಂಗಳು ನೀರು ಮಾತ್ರ ಕೊಟ್ಟು ಇಡಬೇಕು. ಕೊಲಂಬಸ್‌ನ ಚಳಿಗೆ ನೆಲಮಾಳಿಗೆಯ ಕಿಟಕಿ ಪಕ್ಕದ ಮೂಲೆಯೇ ಸಾಕಾಗಿತ್ತು.

ಮಾರ್ಚ್ ಮೊದಲ ವಾರ ಎಬ್ಬಿಸಿ ನಿಧಾನವಾಗಿ ಬೆಚ್ಚಗೆ ಮಾಡಿ ಮತ್ತೆ ಊಟ ಶುರುಮಾಡಿದ್ದಳು. ಕಾಫಿಗೆ ನಾಲ್ಕು ವರ್ಷ, 420 ಗ್ರಾಂ ತೂಕ. ಎಳೆಯ, ಬಡಕಲು ಹೆಣ್ಣು ಮೊಟ್ಟೆ ಹೊತ್ತರೆ ಜೀವಕ್ಕೇ ಅಪಾಯ. ಅದಕ್ಕೇ ಒಂದು ವರ್ಷ ಹೆಚ್ಚು ಕಾದಿದ್ದಳಂತೆ. ತೂಕ, ಊಟ, ಪೊರೆ ಬಿಟ್ಟ ದಿನ, ಎಲ್ಲವೂ ಅವಳ ನೀಲಿ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು.

ಏಪ್ರಿಲ್‌ನಲ್ಲಿ ಕಾಫಿ ಪೊರೆ ಬಿಟ್ಟಿತು. 10ನೇ ತಾರೀಕು ಅದನ್ನು ಡೊಮಿನೊನ ಗೂಡಿಗೆ ಬಿಟ್ಟಳು. ಹಾವನ್ನೇ ತಿನ್ನುವ ಹಾವುಗಳು ಇವು. ಒಂದೇ ಗೂಡಿಗೆ ಬಿಟ್ಟರೆ ಸಂಗಾತಿಯನ್ನು ಊಟವೆಂದು ತಿಳಿದರೆ? ಅದಕ್ಕೇ ಹಿಂದಿನ ದಿನಗಳಲ್ಲಿ ಎರಡಕ್ಕೂ ಹೊಟ್ಟೆತುಂಬ ತಿನ್ನಿಸಿದ್ದಳು. ಕೈಯಲ್ಲಿ ಕೊಕ್ಕೆಕೋಲು ಹಿಡಿದು ಗೂಡಿನ ಮುಂದೆ ಅವಳು, ಪಕ್ಕದ ಕುರ್ಚಿಯಲ್ಲಿ ನಾನು. ಸ್ವಲ್ಪ ಹೊತ್ತಿನಲ್ಲಿ ಡೊಮಿನೊ ಕಾಫಿಯ ಕತ್ತನ್ನು ಬಾಯಲ್ಲಿ ಹಿಡಿಯಿತು.

"ತಿಂತಾ ಇದೆ ಕಣೇ, ಬಿಡಿಸೇ!" ಎಂದೆ.

"ಇಲ್ಲ ಅಜ್ಜಿ. ಗಂಡು ಹಾಗೇ ಹಿಡ್ಕೊಳ್ಳೋದು. ಮೈ ಸುತ್ತಿ ಬಿಗಿದರೆ ಮಾತ್ರ ಬಿಡಿಸ್ಬೇಕು" ಎಂದಳು. ಹಾಗೆಂದಳೇ ಹೊರತು ಕೋಲು ಹಿಡಿದ ಕೈ ಅವಳದ್ದೂ ನಡುಗುತ್ತಿತ್ತು. ಏನೂ ಆಗಲಿಲ್ಲ. ಸಂಜೆಗೆ ಎರಡನ್ನೂ ಅವುಗಳ ಗೂಡಿಗೆ ಬಿಟ್ಟೆವು. ಆ ವಾರ ಇನ್ನೂ ಎರಡು ಸಲ ಜೊತೆ ಬಿಟ್ಟಳು.

ಮೇ ತಿಂಗಳಲ್ಲಿ ಕಾಫಿಯ ಹೊಟ್ಟೆ ಉಬ್ಬಿತು. ಊಟ ಬಿಟ್ಟಿತು. ತಿಂಗಳ ಕೊನೆಯ ವಾರ ಮತ್ತೊಮ್ಮೆ ಪೊರೆ ಬಿಟ್ಟಿತು. ಮೊಟ್ಟೆಗೆ ಇನ್ನು ಒಂದೆರಡು ವಾರ ಎಂಬುದಕ್ಕೆ ಅದೇ ಸೂಚನೆ. ಮುಚ್ಚಳದಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಗೆ ಒದ್ದೆ ಪಾಚಿ ತುಂಬಿ ಗೂಡಿನಲ್ಲಿ ಇಟ್ಟೆವು. ಜೂನ್ 2ರ ಬೆಳಿಗ್ಗೆ ನೋಡಿದರೆ ಡಬ್ಬಿಯೊಳಗೆ ಎಂಟು ಮೊಟ್ಟೆಗಳಿದ್ದವು.

ಕೋಳಿಯ ಪಾಠ ಹಾವಿಗೆ ನಡೆಯದು

ಹಾವಿನ ಮೊಟ್ಟೆ ಕೋಳಿಮೊಟ್ಟೆಯಂತೆ ಗಟ್ಟಿ ಅಲ್ಲ, ತೆಳು ಚರ್ಮದಂತೆ ಮೆತ್ತಗೆ. ಇಟ್ಟ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರು ಮೊಟ್ಟೆ ಅಂಟಿ ಗೊಂಚಲಾಗಿದ್ದವು, ಎರಡು ಬಿಡಿಯಾಗಿದ್ದವು. ಗೊಂಚಲಿನಲ್ಲಿ ಒಂದು ಸಣ್ಣದಾಗಿ ಹಳದಿಯಾಗಿತ್ತು. ಅದರಲ್ಲಿ ಜೀವವಿಲ್ಲ ಎಂದಳು. ಆದರೂ ಕೀಳಲಿಲ್ಲ. ಕೀಳಲು ಹೋದರೆ ಪಕ್ಕದ ಮೊಟ್ಟೆ ಹರಿಯಬಹುದು.

ಕಾಳಿಂಗ ಸರ್ಪ ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಹಾವಿನ ಲೋಕದಲ್ಲಿ ಅಂಥ ತಾಯಿ ಅಪರೂಪ. ಕಿಂಗ್‌ಸ್ನೇಕ್ ತಾಯಿ ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಕಾಫಿ ಅಂದೇ ಹಸಿದು ಇಲಿ ತಿಂದಿತು, ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು ಮೊಟ್ಟೆಗಳ ಹೊಣೆ ನಮ್ಮದಾಯಿತು.

ವರ್ಮಿಕ್ಯುಲೈಟ್ ಎಂಬ ಹಗುರವಾದ ಖನಿಜದ ಹರಳನ್ನು ನೀರಿನಲ್ಲಿ ತೇವಮಾಡಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಹದಕ್ಕೆ ತಂದು, ಅದರಲ್ಲಿ ಮೊಟ್ಟೆಗಳನ್ನು ಅರ್ಧ ಹುಗಿದಿಟ್ಟಳು. ಡಬ್ಬಿಯನ್ನು 28 ಡಿಗ್ರಿ ಬಿಸಿ ಕಾಯ್ದುಕೊಳ್ಳುವ ಪೆಟ್ಟಿಗೆಯಲ್ಲಿ ಇಟ್ಟಳು. ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಹಾಕಿದಳು. ಎಣಿಕೆಗೆ ಇರಬೇಕು ಎಂದುಕೊಂಡೆ. ಕೇಳಲಿಲ್ಲ.

ಜೂನ್ 13ರಂದು ಮೊಮ್ಮಗಳು ಮೂರು ದಿನದ ಶಿಬಿರಕ್ಕೆ ಹೋದಳು. "ಅಜ್ಜಿ, ದಿನಾ ಬಿಸಿ ಎಷ್ಟಿದೆ ನೋಡಿ ಬರೆದಿಡು, ಅಷ್ಟೇ" ಎಂದು ನೋಟ್‌ಬುಕ್ ನನ್ನ ಕೈಗೆ ಕೊಟ್ಟಳು. ನಾನು ನಲವತ್ತು ವರ್ಷ ಹೇಂಟೆಗಳನ್ನು ಕಾವಿಗೆ ಕೂರಿಸಿದವಳು. ಹೇಂಟೆ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ಉರುಳಿಸುತ್ತದೆ. ಹಾಗೆ ಮಾಡದಿದ್ದರೆ ಮರಿ ಚಿಪ್ಪಿಗೆ ಅಂಟಿ ಸಾಯುತ್ತದೆ. ಈ ಮೊಟ್ಟೆಗಳನ್ನು ಹನ್ನೆರಡು ದಿನದಿಂದ ಯಾರೂ ಉರುಳಿಸಿಲ್ಲವಲ್ಲ, ಪಾಪ ಮಗುವಿಗೆ ಗೊತ್ತಿಲ್ಲ, ಎಂದುಕೊಂಡೆ. 14ರ ಬೆಳಿಗ್ಗೆ ಬಿಡಿಯಾಗಿದ್ದ ಎರಡು ಮೊಟ್ಟೆಗಳನ್ನು ಮೆಲ್ಲಗೆ ಉರುಳಿಸಿದೆ.

ರಾತ್ರಿ ಫೋನ್ ಬಂತು. "ಅಜ್ಜಿ, ಪೆನ್ಸಿಲ್ ಚುಕ್ಕೆ ಎಲ್ಲ ಮೇಲೇ ಇದೆ ತಾನೆ? ಮೊಟ್ಟೆ ತಿರುಗಿದ್ರೆ ಮರಿ ಸತ್ತೋಗುತ್ತೆ."

ನನ್ನ ಎದೆ ಧಸಕ್ಕೆಂದಿತು. ಬಾಯಿ ಮಾತ್ರ, "ಹ್ಞೂಂ, ಇದೆ" ಎಂದಿತು.

ಎಪ್ಪತ್ತು ವರ್ಷದ ನಾನು ಹದಿನಾಲ್ಕು ವರ್ಷದ ಹುಡುಗಿಗೆ ಹೆದರಿ ಸುಳ್ಳು ಹೇಳಿದೆ. ನೆಲಮಾಳಿಗೆಗೆ ಓಡಿ ಎರಡೂ ಮೊಟ್ಟೆಗಳನ್ನು ಚುಕ್ಕೆ ಮೇಲೆ ಬರುವಂತೆ ತಿರುಗಿಸಿದೆ. ಆಗ ಮಗಳನ್ನು ಕೇಳಿ ತಿಳಿದುಕೊಂಡೆ. ಹಾವಿನ ಮೊಟ್ಟೆಯೊಳಗೆ ಪಿಂಡ ಒಂದೆರಡು ದಿನದಲ್ಲೇ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಅಲ್ಲೇ ಉಸಿರು, ಅಲ್ಲೇ ಬೆಳವಣಿಗೆ. ಮೊಟ್ಟೆ ತಿರುಗಿದರೆ ಆ ಕೊಂಡಿ ಹರಿಯಬಹುದು, ಭಂಡಾರದ ಭಾರಕ್ಕೆ ಪಿಂಡ ನಲುಗಬಹುದು. ಕೋಳಿಮೊಟ್ಟೆಯನ್ನು ಉರುಳಿಸದಿದ್ದರೆ ಅಪಾಯ, ಹಾವಿನ ಮೊಟ್ಟೆಯನ್ನು ಉರುಳಿಸಿದರೆ ಅಪಾಯ. ನಲವತ್ತು ವರ್ಷದ ಅನುಭವವೇ ನನ್ನನ್ನು ದಾರಿ ತಪ್ಪಿಸಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನಿದ್ದುಬಿಡು ಎಂದಿತು ಒಂದು ಮನಸ್ಸು. ಆದರೆ ಮೊಟ್ಟೆ ಕೆಟ್ಟರೆ ಅವಳು ತನ್ನದೇ ತಪ್ಪು ಎಂದುಕೊಳ್ಳುತ್ತಾಳೆ. ನೀರು ಹೆಚ್ಚಾಯಿತೇ, ಬಿಸಿ ಕಡಿಮೆಯಾಯಿತೇ ಎಂದು ಆ ನೀಲಿ ನೋಟ್‌ಬುಕ್ಕಿನಲ್ಲಿ ಇಲ್ಲದ ಕಾರಣ ಹುಡುಕುತ್ತಾ ಕೂರುತ್ತಾಳೆ. ಬೆಳಗಾಗುತ್ತಲೇ ಫೋನ್ ಮಾಡಿ ಎಲ್ಲ ಹೇಳಿದೆ.

ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಸರಿ ಅಜ್ಜಿ. ಇನ್ನು ಮುಟ್ಬೇಡ" ಎಂದು ಇಟ್ಟುಬಿಟ್ಟಳು.

ಶಿಬಿರದಿಂದ ಬಂದವಳು ನನ್ನ ಜೊತೆ ಅಷ್ಟಾಗಿ ಮಾತಾಡಲಿಲ್ಲ. ರಾತ್ರಿ ದೀಪ ಆರಿಸಿ, ಮೊಟ್ಟೆಯನ್ನು ಅಲುಗಿಸದೆ ಪಕ್ಕಕ್ಕೆ ಪುಟ್ಟ ಟಾರ್ಚ್ ಹಿಡಿದಳು. ನಾವು ಕೋಳಿಮೊಟ್ಟೆ ನೋಡುತ್ತಿದ್ದ ಹಾಗೆಯೇ. ಒಂದರಲ್ಲಿ ಕೆಂಪು ನರಗಳ ಬಲೆ ಚೆನ್ನಾಗಿ ಕಾಣುತ್ತಿತ್ತು. ಇನ್ನೊಂದರಲ್ಲಿ ಮಸುಕಾಗಿತ್ತು. ಹತ್ತು ದಿನದಲ್ಲಿ ಆ ಮಸುಕು ಮೊಟ್ಟೆ ಕುಸಿದು ಬೂಷ್ಟು ಹಿಡಿಯಿತು. ಅವಳು ಅದನ್ನು ಚಮಚದಲ್ಲಿ ಎತ್ತಿ ಹಿತ್ತಲಿನಲ್ಲಿ ಹುಗಿದಳು. ನಾನು ಪಕ್ಕದಲ್ಲಿ ನಿಂತಿದ್ದೆ.

"ಇದು ಹೇಗಿದ್ರೂ ಹೋಗ್ತಿತ್ತೇನೋ ಅಜ್ಜಿ" ಎಂದಳು. ನನ್ನ ಸಮಾಧಾನಕ್ಕೆ ಹೇಳಿದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಮತ್ತೆ ನನ್ನ ಪಕ್ಕ ಕೂತು ಊಟ ಮಾಡತೊಡಗಿದಳು.

ಅರವತ್ತನೆಯ ದಿನ

ಆಗಸ್ಟ್ 1. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಭ್ಯಾಸ ನನಗೆ. ಕೆಳಗಿಳಿದು ಪೆಟ್ಟಿಗೆಯ ಗಾಜಿನಿಂದ ಇಣುಕಿದೆ. ಒಂದು ಮೊಟ್ಟೆಯ ಮೇಲೆ ಬ್ಲೇಡಿನಿಂದ ಗೀರಿದಂಥ ಸೀಳು. ಅದರೊಳಗಿಂದ ಉಗುರಿನಷ್ಟು ಪುಟ್ಟ ತಲೆ! ಈ ಸಲ ಯಾವುದನ್ನೂ ಮುಟ್ಟಲಿಲ್ಲ. ಮೊಮ್ಮಗಳನ್ನು ಎಬ್ಬಿಸಿದೆ.

ಮರಿಯ ಮೂತಿಯಲ್ಲಿ ಚೂಪಾದ ‘ಮೊಟ್ಟೆಹಲ್ಲು’ ಇರುತ್ತದೆ. ಅದರಿಂದ ಸಿಪ್ಪೆ ಸೀಳುತ್ತದೆ. ಕೆಲಸ ಮುಗಿದ ಮೇಲೆ ಅದು ಉದುರುತ್ತದೆ. ತಲೆ ಹಾಕಿದ ಮರಿ ಕೂಡಲೇ ಹೊರಬರುವುದಿಲ್ಲ. ಉಳಿದ ಭಂಡಾರವನ್ನು ಹೀರಿಕೊಳ್ಳುತ್ತಾ ಒಂದೆರಡು ದಿನ ಒಳಗೇ ಇರುತ್ತದೆ. ಎಳೆದು ತೆಗೆಯಬಾರದು. ಗೊಂಚಲಿನ ಐದೂ ಮರಿಗಳು ಎರಡು ದಿನದಲ್ಲಿ ಹೊರಬಂದವು. ನಾನು ಉರುಳಿಸಿದ್ದರಲ್ಲಿ ಉಳಿದಿದ್ದ ಮೊಟ್ಟೆ ಮಾತ್ರ ಹಾಗೇ ಇತ್ತು. ಮೂರನೆಯ ದಿನ ಸಂಜೆ ಅದರ ನೆತ್ತಿಯಲ್ಲೂ, ಪೆನ್ಸಿಲ್ ಚುಕ್ಕೆಯ ಪಕ್ಕದಲ್ಲೇ, ಸೀಳು ಬಿತ್ತು. ನಾವಿಬ್ಬರೂ ಕೈ ಕೈ ಹಿಡಿದುಕೊಂಡು ಕೂತಿದ್ದೆವು. ಒಟ್ಟು ಆರು ಮರಿಗಳು!

ಮರಿಗಳನ್ನೂ ಒಟ್ಟಿಗೆ ಇಡುವಂತಿಲ್ಲ. ಅಣ್ಣತಮ್ಮಂದಿರನ್ನೂ ನುಂಗಿಬಿಡುವ ಜಾತಿ. ಆರಕ್ಕೂ ಬೇರೆ ಬೇರೆ ಡಬ್ಬಿ, ಬೇರೆ ನೀರಿನ ಬಟ್ಟಲು. ವಾರ ಹತ್ತು ದಿನದಲ್ಲಿ ಮೊದಲ ಪೊರೆ ಬಿಟ್ಟವು. ಆಮೇಲೆಯೇ ಮೊದಲ ಊಟ. ಕಣ್ಣು ಬಿಡದ, ಕೂದಲು ಬಾರದ ಪುಟ್ಟ ಇಲಿಮರಿಯನ್ನು ಫ್ರೀಜರಿನಿಂದ ತೆಗೆದು ಬೆಚ್ಚಗೆ ಮಾಡಿ ಕೊಟ್ಟಳು. ಐದು ಮರಿಗಳು ತಿಂದವು. ಕಡೆಗೆ ಹುಟ್ಟಿದ್ದು ಮೂಸಿಯೂ ನೋಡಲಿಲ್ಲ.

ಊಟ ಮಾಡದ ಮರಿಯನ್ನು ಯಾರಿಗೂ ಕೊಡುವಂತಿಲ್ಲ ಎಂಬುದು ಅವಳದ್ದೇ ನಿಯಮ. ಮೂರು ಸಲ ಊಟ ಕೆಡಿಸಿತು. ಕಾಡಿನಲ್ಲಿ ಇಂಥ ಮರಿಗಳು ಓತಿಮರಿಗಳನ್ನೂ ತಿನ್ನುತ್ತವೆ. ಕೆಲವಕ್ಕೆ ಇಲಿಯ ವಾಸನೆ ಹಿಡಿಸುವುದಿಲ್ಲ. ಇಲಿಮರಿಯನ್ನು ಬಿಸಿನೀರಿನಲ್ಲಿ ತೊಳೆದು ವಾಸನೆ ಕಳೆದು, ಮುಚ್ಚಿದ ಪುಟ್ಟ ಬಟ್ಟಲಿನಲ್ಲಿ ಹಾವಿನ ಜೊತೆ ಕತ್ತಲೆಯಲ್ಲಿ ಇಡೀ ರಾತ್ರಿ ಬಿಟ್ಟು ನೋಡುವ ಉಪಾಯವಿದೆ. ತೊಳೆಯುವ ಕೆಲಸ ನಾನು ಮಾಡಿದೆ. ಅಂದು ಕಾಯಿತುರಿ ಹುಡುಕಲು ಹೋಗಿ ಕೂಗಿಕೊಂಡಿದ್ದ ನಾನೇ! ಸೆಪ್ಟೆಂಬರ್ 3ರ ಬೆಳಿಗ್ಗೆ ಮುಚ್ಚಳ ತೆಗೆದರೆ ಇಲಿಮರಿ ಇರಲಿಲ್ಲ. ಹಾವಿನ ಮೈ ನಡುವೆ ಒಂದು ಪುಟ್ಟ ಗುಬುಟು ಇತ್ತು.

ಹೊರಡುವ ಮುನ್ನ

ಎರಡು ಮರಿಗಳು ಗೆಳತಿಯರ ಮನೆಗೆ ಹೋದವು, ಒಂದು ತರಗತಿಗೆ, ಎರಡು ಆ ಹಿರಿಯರ ಬಳಿಗೆ. ಪ್ರತಿ ಡಬ್ಬಿಯ ಜೊತೆಗೂ ಒಂದು ಚೀಟಿ ಇತ್ತು. ಹುಟ್ಟಿದ ದಿನ, ತೂಕ, ತಿಂದ ಊಟ, ಕೊನೆಯಲ್ಲಿ ಒಂದು ಸಾಲು: ‘ಸಾಕಲು ಆಗದಿದ್ದರೆ ಹೊರಗೆ ಬಿಡಬೇಡಿ, ನನಗೇ ವಾಪಸ್ ಕೊಡಿ.’ ಈ ಹಾವುಗಳು 15, 20 ವರ್ಷ ಬದುಕುತ್ತವೆ. ಅವಳು ಕಾಲೇಜಿಗೆ ಹೋಗುತ್ತಾಳೆ, ಕೆಲಸ ಹಿಡಿಯುತ್ತಾಳೆ, ಆಗಲೂ ಇವು ಇರುತ್ತವೆ. ಕಡೆಗೆ ಹುಟ್ಟಿದ ಮರಿಯನ್ನು ಅವಳೇ ಇಟ್ಟುಕೊಂಡಳು.

ಇದನ್ನು ಓದಿ ನಾವೂ ಹಾವು ಸಾಕೋಣ ಎಂದು ಯಾರೂ ಹೊರಡಬೇಡಿ ಮಕ್ಕಳೇ. ನಮ್ಮ ನಾಡಿನ ಹಾವುಗಳನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮನೆಗೆ ಹಾವು ಬಂದರೆ ದೂರ ನಿಂತು ದೊಡ್ಡವರಿಗೆ ಹೇಳಿ. ದೊಡ್ಡವರು ಅರಣ್ಯ ಇಲಾಖೆಗೋ ಪಳಗಿದ ಹಾವು ಹಿಡಿಯುವವರಿಗೋ ತಿಳಿಸಲಿ. ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು: ಮೊಮ್ಮಕ್ಕಳು ಪೆನ್ಸಿಲ್ ಚುಕ್ಕೆ ಹಾಕಿದ್ದರೆ, ಯಾಕೆ ಹಾಕಿದ್ದೀರಿ ಎಂದು ಮೊದಲು ಕೇಳಿ.

ಹೊರಡುವ ಹಿಂದಿನ ರಾತ್ರಿ ನೀಲಿ ನೋಟ್‌ಬುಕ್ ತಿರುವಿ ನೋಡಿದೆ. ಜೂನ್ 14ರ ಪುಟದಲ್ಲಿ ಬಿಸಿ 28 ಡಿಗ್ರಿ ಎಂದು ನನ್ನ ಕೈಬರಹವಿತ್ತು. ಅದರ ಕೆಳಗೆ ಅವಳು ಆಮೇಲೆ ಒಂದು ಸಾಲು ಸೇರಿಸಿದ್ದಳು. ಅವಳಿಗೆ ಕನ್ನಡ ಬರೆಯಲು ಅಷ್ಟಾಗಿ ಬರುವುದಿಲ್ಲ. ಆದರೂ ಕನ್ನಡದಲ್ಲೇ, ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದಳು: ‘ಎರಡು ಮೊಟ್ಟೆ ತಿರುಗಿತು. ಅಜ್ಜಿ ಹೇಳಿದಳು.’